ಚಿತ್ರಕಾರನ ಎದುರಿಗೆ ಏನಿತ್ತು?

ಹಳೆಯ ಹಕ್ಕಿ ಚಿತ್ರ ಕಂಡ ಕೂಡಲೇ ನಮ್ಮ ಬಾಯಿಗೆ ಬರುವ ಮೊದಲ ಮಾತು "ಎಷ್ಟು ಚೆನ್ನಾಗಿ ಬರೆದಿದ್ದಾರೆ, ಅಲ್ವಾ?" ಎಂದು. ಅದರಲ್ಲಿ ತಪ್ಪೇನಿಲ್ಲ. ಆದರೆ ಇವತ್ತು ನಿಮಗೆ ಇನ್ನೊಂದು ಪ್ರಶ್ನೆಯನ್ನು ರೂಢಿ ಮಾಡಿಸಬೇಕು ಎಂಬ ಆಸೆ ನನಗೆ. ಇದನ್ನು ಬರೆಯುವಾಗ ಚಿತ್ರಕಾರನ ಎದುರಿಗೆ ಏನಿತ್ತು? ಜೀವಂತ ಹಕ್ಕಿಯೇ? ಆಗತಾನೇ ಗುಂಡೇಟು ತಿಂದು ಬಿದ್ದ ಹಕ್ಕಿಯೇ? ಒಣಗಿಸಿದ ತೊಗಲೇ? ಬೇರೆ ಯಾರೋ ಬರೆದ ಚಿತ್ರವೇ? ಅಥವಾ ಬರೀ ಕೇಳಿದ ಮಾತೇ? ಇದಕ್ಕೆ ಉತ್ತರ ಸಿಕ್ಕರೆ ಚಿತ್ರದ ಅರ್ಧ ಕಥೆ ಸಿಕ್ಕಿದ ಹಾಗೆ.

ಸ್ವರ್ಗದ ಹಕ್ಕಿಯಿಂದಲೇ ಶುರು ಮಾಡೋಣ. ಮೆಗಲನ್‌ನ ಜೊತೆ ಹೊರಟ ಹಡಗುಗಳಲ್ಲಿ ಒಂದೇ ಒಂದು, ವಿಕ್ಟೋರಿಯಾ, 1522ರಲ್ಲಿ ಸ್ಪೇನಿಗೆ ವಾಪಸ್ ಬಂತು. ಅದರಲ್ಲಿ ಈ ಹಕ್ಕಿಯ ಕೆಲವು ತೊಗಲುಗಳಿದ್ದವು. ಆಮೇಲೆ ವ್ಯಾಪಾರದ ದಾರಿಯಲ್ಲಿ ಇನ್ನಷ್ಟು ಬಂದವು. ನ್ಯೂಗಿನಿ ಕಡೆಯ ಜನ ತೊಗಲು ಒಣಗಿಸುವಾಗ ಕಾಲುಗಳನ್ನು ತೆಗೆದುಬಿಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಪುಕ್ಕ, ಕಾಲಲ್ಲ. ಯುರೋಪಿನ ಚಿತ್ರಕಾರನ ಮೇಜಿನ ಮೇಲೆ ಬಂದು ಬಿದ್ದದ್ದು ಕಾಲಿಲ್ಲದ ಹಕ್ಕಿ. ಅವನು ಕಂಡದ್ದನ್ನು ಕಂಡ ಹಾಗೆ ಬರೆದ. ಆಗ ಕಥೆಗಳು ಹುಟ್ಟಿದವು. ಈ ಹಕ್ಕಿ ಎಲ್ಲೂ ಕೂರುವುದೇ ಇಲ್ಲ, ಗಾಳಿಯಲ್ಲೇ ಬದುಕುತ್ತದೆ, ಇಬ್ಬನಿ ಕುಡಿಯುತ್ತದೆ, ಹೆಣ್ಣು ಗಂಡಿನ ಬೆನ್ನ ಮೇಲೆ ಮೊಟ್ಟೆ ಇಡುತ್ತದೆ! ತಮಾಷೆ ಏನೆಂದರೆ, ಆ ಹಡಗಿನಲ್ಲೇ ಬಂದ ಪಿಗಾಫೆಟ್ಟಾ ತನ್ನ ಬರಹದಲ್ಲಿ ಹಕ್ಕಿಯ ಸಣ್ಣ ಕಾಲುಗಳ ಬಗ್ಗೆ ಹೇಳಿದ್ದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ಶತಮಾನ ಕಳೆದ ಮೇಲೂ, 1758ರಲ್ಲಿ, ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಆ ಹಕ್ಕಿಗೆ ಇಟ್ಟ ಹೆಸರು 'ಅಪೋಡಾ', ಅಂದರೆ ಕಾಲಿಲ್ಲದ್ದು. ನಿಜ ಸಂಗತಿ ಅಷ್ಟರಲ್ಲಿ ಗೊತ್ತಾಗಿತ್ತು. ಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ಇಲ್ಲಿ ಚಿತ್ರಕಾರ ಸುಳ್ಳು ಹೇಳಿಲ್ಲ ಎಂಬುದನ್ನು ಗಮನಿಸಿ. ಎದುರಿಗೆ ಇದ್ದದ್ದನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ. ಎದುರಿಗೆ ಇದ್ದದ್ದೇ ಅರ್ಧ ಹಕ್ಕಿ.

ಈಗ ಇದರ ಉಲ್ಟಾ ಉದಾಹರಣೆ. 1612ರಲ್ಲಿ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್ ಗೋವಾದಿಂದ ಕೆಲವು ಅಪರೂಪದ ಪ್ರಾಣಿಗಳನ್ನು ಆಸ್ಥಾನಕ್ಕೆ ತಂದ. ಅವುಗಳಲ್ಲಿ ಒಂದು ಟರ್ಕಿ ಕೋಳಿ. ಅಮೆರಿಕದ ಹಕ್ಕಿ, ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಜಹಾಂಗೀರ ತನ್ನ ದಿನಚರಿಯಲ್ಲಿ ಬರೆಯುತ್ತಾನೆ: ಮುತ್ತಜ್ಜ ಬಾಬರ್ ಪ್ರಾಣಿಗಳನ್ನು ಮಾತಿನಲ್ಲಿ ವರ್ಣಿಸಿದ, ಆದರೆ ಚಿತ್ರ ಬರೆಸಲಿಲ್ಲ, ನಾನು ಬರೆಸಿದೆ ಎಂದು. ಟರ್ಕಿಯ ಚಿತ್ರ ಬರೆದವನು ಉಸ್ತಾದ್ ಮನ್ಸೂರ್. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕುತ್ತಿಗೆಯ ಬೋಳು ಚರ್ಮದ ನೀಲಿ, ಕೆಂಪು, ಸುಕ್ಕು ಎಲ್ಲ ಅದರಲ್ಲಿ ಬಂದಿದೆ. ಹಕ್ಕಿ ಸತ್ತ ಮೇಲೆ ಮೊದಲು ಹೋಗುವುದು ಇಂಥ ಬಣ್ಣಗಳೇ. ಗರಿಯ ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ. ಕಣ್ಣು, ಕಾಲು, ಕೊಕ್ಕಿನ ಬುಡ, ಬೋಳು ಚರ್ಮ ಇವು ಬೇಗ ಮಾಸುತ್ತವೆ. ಇವು ಸರಿಯಾಗಿದ್ದರೆ ಚಿತ್ರಕಾರ ಜೀವಂತ ಹಕ್ಕಿಯನ್ನೋ, ಆಗಷ್ಟೇ ಸತ್ತದ್ದನ್ನೋ ನೋಡಿರಬೇಕು.

ಮನ್ಸೂರನದು ಎಂದು ಹೇಳಲಾಗುವ ಇನ್ನೊಂದು ಚಿತ್ರ ಇದೆ, ಈಗ ಅಳಿದುಹೋಗಿರುವ ಡೋಡೋ ಹಕ್ಕಿಯದು. ಅದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಿಕ್ಕಿತು. ಸೂರತ್‌ಗೆ ಎರಡು ಡೋಡೋ ಬಂದಿದ್ದನ್ನು ಪೀಟರ್ ಮಂಡಿ ಎಂಬ ಇಂಗ್ಲಿಷ್ ಪ್ರವಾಸಿ ಬರೆದಿಟ್ಟಿದ್ದಾನೆ. ಹಾಗಾಗಿ ಮೊಘಲ್ ಚಿತ್ರಕಾರನ ಎದುರಿಗೆ ಜೀವಂತ ಡೋಡೋ ಇತ್ತು ಎಂದರೆ ನಂಬಬಹುದು. ಇದನ್ನು ಅದೇ ಕಾಲದ ಯುರೋಪಿನ ಚಿತ್ರಕಾರ ರೂಲಾಂಟ್ ಸಾವೆರಿಯ ಡೋಡೋ ಪಕ್ಕದಲ್ಲಿ ಇಟ್ಟು ನೋಡಿ. ನಮ್ಮ ತಲೆಯಲ್ಲಿ ಕೂತಿರುವ ಬೊಜ್ಜು ಡೋಡೋ ಸಾವೆರಿಯದು. ಮೊಘಲ್ ಡೋಡೋ ಅಷ್ಟು ದಪ್ಪ ಇಲ್ಲ. ಮೂಳೆಗಳನ್ನು ಅಳೆದು ಈಚೆಗೆ ಲೆಕ್ಕ ಹಾಕಿದವರು ಕೂಡ ತೆಳ್ಳಗಿನ ಹಕ್ಕಿಯ ಕಡೆಗೇ ವಾಲುತ್ತಾರೆ. ನನ್ನ ಕೇಳಿದರೆ ಮಕ್ಕಳ ಪುಸ್ತಕದ ಡೋಡೋವನ್ನು ಬದಲಾಯಿಸುವ ಕಾಲ ಬಂದಿದೆ.

ಇನ್ನು ಹುಳುಗಳ ಕಡೆ ಬರೋಣ. ಇಲ್ಲಿ ತೊಂದರೆ ಬೇರೆ. ಹಕ್ಕಿ ದೂರ ಹಾರಿಹೋಗುತ್ತದೆ. ಹುಳು ಕೈಯಲ್ಲೇ ಇದ್ದರೂ ಕಾಣುವುದಿಲ್ಲ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪುಸ್ತಕ ಮಾಡಿದ. ಅದರಲ್ಲಿ ಚಿಗಟದ ಚಿತ್ರ ಪುಸ್ತಕಕ್ಕಿಂತ ದೊಡ್ಡದು, ಮಡಚಿ ಇಟ್ಟಿದ್ದರು. ಬಿಡಿಸಿದರೆ ಸುಮಾರು ಒಂದೂವರೆ ಅಡಿಯ ಚಿಗಟ! ಇರುವೆಯ ವಿಷಯದಲ್ಲಿ ಅವನು ಪಟ್ಟ ಪಾಡು ಇನ್ನೂ ಚೆನ್ನಾಗಿದೆ. ಕೊಂದರೆ ಆಕಾರ ಕೆಡುತ್ತದೆ, ಜೀವಂತ ಬಿಟ್ಟರೆ ಓಡುತ್ತದೆ, ಕಾಲಿಗೆ ಅಂಟು ಹಾಕಿದರೆ ಮೈಯನ್ನು ತಿರುಚಿಕೊಳ್ಳುತ್ತದೆ. ಕೊನೆಗೆ ಬ್ರಾಂಡಿ ಕುಡಿಸಿದ. ಇರುವೆ ಅಮಲಿನಲ್ಲಿ ಬಿತ್ತು, ಅವನು ಚಿತ್ರ ಬರೆದ. ಗಂಟೆಯಾದ ಮೇಲೆ ಅದು ಎದ್ದು ಓಡಿತು ಎಂದು ತಾನೇ ಬರೆದುಕೊಂಡಿದ್ದಾನೆ.

ಹುಕ್ ಒಂದು ಹುಳುವಿನ ಒಂದು ಗಳಿಗೆಯನ್ನು ಹಿಡಿದ. ಮರಿಯಾ ಸಿಬಿಲಾ ಮೇರಿಯನ್ ಹಿಡಿದದ್ದು ಹುಳುವಿನ ಇಡೀ ಬದುಕನ್ನು. ಈ ಹೆಂಗಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಆಕೆ ಹುಟ್ಟಿದ್ದು 1647ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ. ಅಪ್ಪ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವವನು, ಮಲತಂದೆ ಹೂವಿನ ಚಿತ್ರಕಾರ. ಹದಿಮೂರರ ವಯಸ್ಸಿನಲ್ಲೇ ರೇಷ್ಮೆ ಹುಳು ಸಾಕಿ ನೋಡಲು ಶುರು ಮಾಡಿದಳು. ಆ ಕಾಲದಲ್ಲಿ ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿಯೇ ಹುಟ್ಟುತ್ತವೆ ಎಂದು ಓದಿದವರೂ ನಂಬಿದ್ದರು. ಕೊಳೆತ ಮಾಂಸದಲ್ಲಿ ಹುಳು ಬರುವುದು ನೊಣದ ಮೊಟ್ಟೆಯಿಂದ ಎಂದು ಇಟಲಿಯ ವಿಜ್ಞಾನಿ ಫ್ರಾಂಚೆಸ್ಕೊ ರೆಡಿ ತೋರಿಸಿದ್ದು 1668ರಲ್ಲಿ. ಮೇರಿಯನ್ 1679ರಲ್ಲಿ ಕಂಬಳಿಹುಳುಗಳ ಪುಸ್ತಕ ತಂದಳು. ಒಂದೊಂದು ಹಾಳೆಯಲ್ಲೂ ಒಂದು ಗಿಡ. ಅದರ ಮೇಲೆ ಮೊಟ್ಟೆ, ಮರಿಹುಳು, ಕೋಶ, ಚಿಟ್ಟೆ ಅಥವಾ ಪತಂಗ. ಆ ಹುಳು ತಿನ್ನುವ ಗಿಡವೇ ಅದು. ಈಗ ನಮಗೆ ಇದು ಶಾಲೆಯ ಗೋಡೆಪಟದ ಹಾಗೆ ಮಾಮೂಲಿ ಅನಿಸುತ್ತದೆ. ಆಗ ಸಂಗ್ರಹಕಾರರ ಡಬ್ಬಿಗಳಲ್ಲಿ ಚಿಟ್ಟೆಗಳು ಸೂಜಿ ಚುಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು. ಯಾವುದು ಯಾವ ಹುಳುವಿನಿಂದ ಬಂತು ಎಂದು ಆ ಡಬ್ಬಿ ಹೇಳುವುದಿಲ್ಲ. ಅದು ತಿಳಿಯಬೇಕಾದರೆ ಸಾಕಲೇಬೇಕು. ಸೊಪ್ಪು ತರಬೇಕು, ದಿನಾ ನೋಡಬೇಕು, ಎಷ್ಟೋ ಸಲ ಕೋಶದಿಂದ ಚಿಟ್ಟೆಯ ಬದಲು ಪರಾವಲಂಬಿ ಕಣಜ ಹೊರಗೆ ಬಂದರೆ ಅದನ್ನೂ ಬರೆದುಕೊಳ್ಳಬೇಕು.

1699ರಲ್ಲಿ, 52ನೇ ವಯಸ್ಸಿನಲ್ಲಿ, ಕಿರಿಯ ಮಗಳು ಡೊರೊತೆಯಾಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಅದು ಡಚ್ಚರ ಕಬ್ಬಿನ ತೋಟಗಳ ನಾಡು. ಗುಲಾಮರು ದುಡಿಯುತ್ತಿದ್ದ ನಾಡು. ಆಕೆಗೆ ಹುಳು, ಗಿಡ ತಂದುಕೊಟ್ಟವರಲ್ಲಿ, ಕಾಡಿನಲ್ಲಿ ದಾರಿ ಕಡಿದವರಲ್ಲಿ ಗುಲಾಮರೂ ಮೂಲನಿವಾಸಿಗಳೂ ಇದ್ದರು. ಅವರ ಹೆಸರು ಪುಸ್ತಕದಲ್ಲಿಲ್ಲ. ಅವರು ಹೇಳಿದ ಮಾತು ಮಾತ್ರ ಇದೆ. ನಾವು ರತ್ನಗಂಧಿ ಎಂದು ಕರೆಯುವ ಹೂವಿನ ಗಿಡದ ಚಿತ್ರ ಒಂದಿದೆ, ಮೇಲೆ ಪತಂಗ, ಅದರ ಹುಳು. ಅದರ ಜೊತೆಗಿನ ಟಿಪ್ಪಣಿಯಲ್ಲಿ ಆಕೆ ಬರೆಯುತ್ತಾಳೆ: ಗುಲಾಮ ಹೆಂಗಸರು ಈ ಬೀಜ ತಿಂದು ಗರ್ಭ ಇಳಿಸಿಕೊಳ್ಳುತ್ತಾರೆ, ತಮ್ಮ ಮಕ್ಕಳು ಗುಲಾಮರಾಗಬಾರದು ಎಂದು. ಸುಂದರವಾದ ಹೂವು, ಹುಳು ಎಂದು ನೋಡುತ್ತಾ ಹೋದವರು ಈ ಸಾಲಿನ ಹತ್ತಿರ ಬಂದು ನಿಲ್ಲಲೇಬೇಕಾಗುತ್ತದೆ.

ಕಾಯಿಲೆ ಬಿದ್ದು 1701ರಲ್ಲಿ ವಾಪಸ್ ಬಂದಳು. 1705ರಲ್ಲಿ 60 ಚಿತ್ರಗಳ ಪುಸ್ತಕ ಹೊರಬಂತು. ಅದರಲ್ಲಿ ಹದಿನೆಂಟನೆಯದು ಬಹಳ ಜಗಳ ಎಬ್ಬಿಸಿದ ಚಿತ್ರ. ಸೀಬೆ ಕೊಂಬೆಯ ಮೇಲೆ ರೋಮ ತುಂಬಿದ ದೊಡ್ಡ ಜೇಡ ಹಮ್ಮಿಂಗ್‌ಬರ್ಡ್ ಒಂದನ್ನು ಹಿಡಿದು ತಿನ್ನುತ್ತಿದೆ. ಪಕ್ಕದಲ್ಲಿ ಇರುವೆಗಳು ಒಂದನ್ನೊಂದು ಹಿಡಿದುಕೊಂಡು ಸೇತುವೆ ಕಟ್ಟಿವೆ. ನೂರು ವರ್ಷ ದಾಟಿದ ಮೇಲೂ ಇದನ್ನು ನಂಬದವರಿದ್ದರು. 1834ರಲ್ಲಿ ಗಿಲ್ಡಿಂಗ್ ಎಂಬ ಪಾದ್ರಿ, ಅವನು ಸುರಿನಾಮ್‌ಗೆ ಕಾಲಿಟ್ಟವನೇ ಅಲ್ಲ, ಆಕೆಯ ಪುಸ್ತಕವನ್ನು ಒಂದೊಂದೇ ಹಾಳೆ ಹಿಡಿದು ಜರೆದ. ಆಮೇಲೆ 1863ರಲ್ಲಿ ಹೆನ್ರಿ ಬೇಟ್ಸ್ ತನ್ನ ಅಮೆಜಾನ್ ಅನುಭವ ಬರೆಯುವಾಗ ಹೇಳಿದ: ಅಂಥ ಜೇಡದ ಬಲೆಯಲ್ಲಿ ಪುಟ್ಟ ಹಕ್ಕಿಗಳು ಸಿಕ್ಕಿದ್ದನ್ನು ಕಣ್ಣಾರೆ ಕಂಡೆ ಎಂದು. ಇರುವೆ ಸೇತುವೆಯೂ ನಿಜ.

ಹಾಗೆಂದು ಮೇರಿಯನ್ ಬರೆದದ್ದೆಲ್ಲ ವೇದವಾಕ್ಯ ಅಲ್ಲ. ಲ್ಯಾಂಟರ್ನ್ ಫ್ಲೈ ಎಂಬ ಉದ್ದ ಮೂತಿಯ ಕೀಟ ರಾತ್ರಿ ಹೊಳೆಯುತ್ತದೆ, ಅದರ ಬೆಳಕಿನಲ್ಲಿ ಪತ್ರಿಕೆ ಓದಬಹುದು ಎಂದು ಬರೆದಳು. ಅದು ಹೊಳೆಯುವುದಿಲ್ಲ. ಜನ ಜೇಡವನ್ನು ನಂಬಲಿಲ್ಲ, ಈ ದೀಪದ ಮಾತನ್ನು ಮಾತ್ರ ಬಹಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡಿಕೊಂಡರು!

ಇಲ್ಲಿ ಮುದ್ರಣದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ತಾಮ್ರದ ತಗಡಿನ ಮೇಲೆ ಕೊರೆದದ್ದನ್ನು ಕಾಗದಕ್ಕೆ ಒತ್ತಿದರೆ ಎಡ ಬಲವಾಗುತ್ತದೆ. ಚಿಟ್ಟೆಗೆ ಇದರಿಂದ ತೊಂದರೆ ಇಲ್ಲ, ಎರಡೂ ಕಡೆ ಒಂದೇ. ಶಂಖಕ್ಕೆ ತೊಂದರೆ. ರೆಂಬ್ರಾಂಟ್ 1650ರಲ್ಲಿ ಒಂದು ಶಂಖದ ಚಿತ್ರ ಅಚ್ಚು ಮಾಡಿದ. ತನ್ನ ಸಹಿಯನ್ನು ಜಾಣತನದಿಂದ ಉಲ್ಟಾ ಕೊರೆದಿದ್ದ, ಹಾಗಾಗಿ ಅದು ಸರಿಯಾಗಿ ಬಂತು. ಶಂಖವನ್ನು ಇದ್ದ ಹಾಗೇ ಕೊರೆದ, ಅದರ ಸುರುಳಿ ತಿರುಗಿಹೋಯಿತು. ಹಕ್ಕಿಗಳಲ್ಲೂ ಇಂಥದ್ದು ಒಂದಿದೆ. ನ್ಯೂಜಿಲೆಂಡಿನ ರೈಬಿಲ್‌ನ ಕೊಕ್ಕು ಯಾವಾಗಲೂ ಬಲಕ್ಕೇ ಬಾಗಿರುತ್ತದೆ. ಅದನ್ನು ತಗಡಿಗೆ ನೇರವಾಗಿ ನಕಲು ಮಾಡಿದರೆ ಲೋಕದಲ್ಲೇ ಇಲ್ಲದ ಹಕ್ಕಿಯೊಂದು ಅಚ್ಚಾಗುತ್ತದೆ. ಮೇರಿಯನ್ ಇದಕ್ಕೊಂದು ಉಪಾಯ ಬಳಸಿದಳು. ಶಾಯಿ ಹಸಿ ಇರುವಾಗಲೇ ಆ ಮುದ್ರಣದ ಮೇಲೆ ಇನ್ನೊಂದು ಕಾಗದ ಒತ್ತಿದರೆ ಚಿತ್ರ ಮತ್ತೆ ತಿರುಗಿ ಮೂಲದ ದಿಕ್ಕಿಗೇ ಬರುತ್ತದೆ. ಗೆರೆಯೂ ಮೆತ್ತಗಾಗುತ್ತದೆ. ಅದರ ಮೇಲೆ ಬಣ್ಣ ಹಾಕಿದರೆ ಕೈಯಲ್ಲೇ ಬರೆದ ಹಾಗೆ ಕಾಣುತ್ತದೆ.

ಹಕ್ಕಿ, ಹುಳು ಎರಡೂ ಒಂದೇ ಹಾಳೆಯಲ್ಲಿ ಸೊಗಸಾಗಿ ಕೂತದ್ದನ್ನು ನೋಡಬೇಕಾದರೆ 1777ರ ಕಲ್ಕತ್ತಕ್ಕೆ ಬನ್ನಿ. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪಿಯ ಹೆಂಡತಿ ಮೇರಿ ಇಂಪಿ ಮನೆಯ ಆವರಣದಲ್ಲಿ ಹಕ್ಕಿ, ಪ್ರಾಣಿಗಳನ್ನು ಸಾಕಿದ್ದಳು. ಅವುಗಳ ಚಿತ್ರ ಬರೆಯಲು ಪಾಟ್ನಾದ ಮೂವರನ್ನು ನೇಮಿಸಿಕೊಂಡಳು. ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್. ಐದಾರು ವರ್ಷಗಳಲ್ಲಿ ಮುನ್ನೂರಕ್ಕೂ ಜಾಸ್ತಿ ಚಿತ್ರಗಳಾದವು. ಮೊಘಲ್ ಶೈಲಿಯಲ್ಲಿ ಪಳಗಿದ ಕೈ, ಇಂಗ್ಲೆಂಡಿನ ದೊಡ್ಡ ಕಾಗದ, ಎದುರಿಗೆ ಜೀವಂತ ಹಕ್ಕಿ. ಜೈನುದ್ದೀನ್ ಬರೆದ ಒಂದು ಹಾಳೆಯಲ್ಲಿ ಬೋರೆ ಮರದ ಕೊಂಬೆ, ಅದರ ಮೇಲೆ ಬ್ರಾಹ್ಮಿಣಿ ಮೈನಾ, ಜೊತೆಗೆ ಎರಡು ಟಸರ್ ಜಾತಿಯ ರೇಷ್ಮೆ ಪತಂಗ, ಅವುಗಳ ಹುಳು ಮತ್ತು ಗೂಡು. ಟಸರ್ ಹುಳು ಬೋರೆ ಎಲೆ ತಿನ್ನುತ್ತದೆ. ಅಂದರೆ ಸುಮ್ನೆ ಅಂದಕ್ಕೆ ಇಟ್ಟ ಕೊಂಬೆಯಲ್ಲ ಅದು. ಇಂಪಿ ಸಂಗ್ರಹದ ಹಾಳೆಗಳಲ್ಲಿ ಚಿತ್ರಕಾರರ ಹೆಸರು, ಊರು ಬರೆದಿದೆ. ಕಂಪನಿ ಕಾಲದಲ್ಲಿ ನಮ್ಮವರು ಬರೆದ ಎಷ್ಟೋ ಸಾವಿರ ಚಿತ್ರಗಳಿಗೆ ಈ ಭಾಗ್ಯ ಇಲ್ಲ.

ಹೆಸರು ಮರೆಯಾಗುವುದು ನಮ್ಮಲ್ಲಿ ಮಾತ್ರ ಅಲ್ಲ. ಆಡುಬಾನ್‌ನ ಅಮೆರಿಕದ ಹಕ್ಕಿಗಳ ಮಹಾಪುಸ್ತಕ ನಿಮಗೆ ಗೊತ್ತಿರಬಹುದು. 1827ರಿಂದ 1838ರವರೆಗೆ ಕಂತುಗಳಲ್ಲಿ ಬಂತು. 435 ಚಿತ್ರ, ಒಂದೊಂದು ಹಾಳೆ ಸುಮಾರು ಒಂದು ಮೀಟರ್ ಎತ್ತರ, ಪ್ರತಿ ಹಕ್ಕಿಯೂ ಅಸಲು ಗಾತ್ರದ್ದು. ಕೆಲವು ಚಿತ್ರಗಳ ಹಿನ್ನೆಲೆಯ ಗಿಡ, ಎಲೆಗಳನ್ನು ಬರೆದದ್ದು ಜೋಸೆಫ್ ಮೇಸನ್ ಎಂಬ ಹುಡುಗ. ಸಹಾಯಕ್ಕೆ ಸೇರಿದಾಗ ಅವನಿಗೆ ಹದಿಮೂರು. ಆಮೇಲಿನ ಕೆಲವು ಚಿತ್ರಗಳ ಗಿಡ, ಹುಳುಗಳು ಮರಿಯಾ ಮಾರ್ಟಿನ್ ಎಂಬಾಕೆಯವು. ಅಚ್ಚಾದ ಹಾಳೆಯಲ್ಲಿ ಕಾಣುವುದು ಆಡುಬಾನ್ ಮತ್ತು ಕೊರೆದವನಾದ ಹ್ಯಾವೆಲ್ ಹೆಸರು.

ಆಡುಬಾನ್ ಎದುರಿಗೆ ಇದ್ದದ್ದು ತಾನೇ ಆಗತಾನೇ ಹೊಡೆದ ಹಕ್ಕಿ. ಚೌಕದ ಗೆರೆ ಹಾಕಿದ ಹಲಗೆಗೆ ತಂತಿಯಿಂದ ಅದನ್ನು ಬಿಗಿದು, ರೆಕ್ಕೆ ಬಿಡಿಸಿ, ಕುತ್ತಿಗೆ ತಿರುಗಿಸಿ ನಿಲ್ಲಿಸುತ್ತಿದ್ದ. ಕಾಗದದ ಮೇಲೂ ಅವೇ ಚೌಕಗಳು. ಅದಕ್ಕೇ ಅವನ ಹಕ್ಕಿಗಳಲ್ಲಿ ಅಷ್ಟೊಂದು ನಾಟಕ. ರಾಜಹಂಸದ ಚಿತ್ರ ನೋಡಿದ್ದೀರಾ? ಕುತ್ತಿಗೆ ಬಗ್ಗಿಸಿ ತಲೆಯನ್ನು ಕಾಲಿನ ಹತ್ತಿರ ತಂದಿದೆ. ನಿಂತ ಹಾಗೆ ಬರೆದರೆ ಆ ದೊಡ್ಡ ಕಾಗದವೂ ಸಾಲುತ್ತಿರಲಿಲ್ಲ!

ಎಡ್ವರ್ಡ್ ಲಿಯರ್ ಇದಕ್ಕೆ ಪೂರ್ತಿ ಬೇರೆ. ಹಾಸ್ಯಪದ್ಯ ಬರೆದ ಅದೇ ಲಿಯರ್. ಇಪ್ಪತ್ತು ತುಂಬುವ ಮೊದಲೇ ಲಂಡನ್ ಮೃಗಾಲಯಕ್ಕೆ ಹೋಗಿ ಜೀವಂತ ಗಿಳಿಗಳನ್ನು ಅಳೆದು ಬರೆದ. ಅವನ ಗಿಳಿಗಳ ಮುಖ ನೋಡಿ, ಒಂದೊಂದಕ್ಕೂ ಒಂದೊಂದು ಸಿಟ್ಟು, ಒಂದೊಂದು ಗುಮಾನಿ. ಒಣಗಿದ ತೊಗಲಿನಿಂದ ಅದು ಬರುವುದಿಲ್ಲ.

ತೊಗಲಿನಿಂದಲೇ ಕೆಲಸ ಮಾಡಿದವಳು ಎಲಿಜಬೆತ್ ಗೌಲ್ಡ್. ಗಂಡ ಜಾನ್ ಗೌಲ್ಡ್ ಸಂಗ್ರಹ, ವ್ಯಾಪಾರ, ಬರಹ ನೋಡಿಕೊಂಡರೆ, ಅವನ ಒರಟು ಗೆರೆಗಳನ್ನು ಹಕ್ಕಿ ಮಾಡಿ ಕಲ್ಲಚ್ಚಿನ ಕಲ್ಲಿನ ಮೇಲೆ ಬರೆದದ್ದು ಆಕೆ. 1830ರ ಹೊತ್ತಿಗೆ ಹಿಮಾಲಯದ ಹಕ್ಕಿಗಳ ತೊಗಲುಗಳು ಲಂಡನ್ನಿಗೆ ಬಂದವು. ಇಬ್ಬರೂ ಹಿಮಾಲಯ ಕಂಡವರಲ್ಲ. ಆದರೂ 80 ಹಾಳೆಗಳಲ್ಲಿ ನೂರು ಹಕ್ಕಿ ಮೂಡಿದವು. ಅದರ ಒಂದು ಸೂರಕ್ಕಿಗೆ ಆಕೆಯದೇ ಹೆಸರು, ಮಿಸೆಸ್ ಗೌಲ್ಡ್ ಸೂರಕ್ಕಿ. ಡಾರ್ವಿನ್ ಗಲಪಗೋಸ್‌ನಿಂದ ತಂದ ಫಿಂಚ್‌ಗಳ ಚಿತ್ರಗಳೂ ಆಕೆಯ ಕೈಯವೇ. 1838ರಲ್ಲಿ ಗಂಡನ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿ, ಅಲ್ಲಿ ಕೊನೆಗೂ ತಾಜಾ ಹಕ್ಕಿಗಳನ್ನು ಎದುರಿಗಿಟ್ಟುಕೊಂಡು ಬರೆದಳು. ವಾಪಸ್ ಬಂದ ಮರುವರ್ಷವೇ, 1841ರಲ್ಲಿ, ಎಂಟನೇ ಹೆರಿಗೆಯ ನಂತರ ತೀರಿಕೊಂಡಳು.

ಗೌಲ್ಡ್ ಆಮೇಲೆ ಹಮ್ಮಿಂಗ್‌ಬರ್ಡ್‌ಗಳ ದೊಡ್ಡ ಪುಸ್ತಕ ಶುರು ಮಾಡಿದ. 1849ರಿಂದ 1861ರವರೆಗೆ 360 ಚಿತ್ರ. ಅವನು ಜೀವಂತ ಹಮ್ಮಿಂಗ್‌ಬರ್ಡ್ ನೋಡಿದ್ದು 1857ರಲ್ಲಿ, ಅಮೆರಿಕಕ್ಕೆ ಹೋದಾಗ. ಅಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದ ಮೇಲೆ! ಆದರೆ ಈ ಹಕ್ಕಿಯ ಹೊಳಪನ್ನು ಕಾಗದಕ್ಕೆ ತರಲು ಅವನ ಕಡೆಯವರು ಮಾಡಿದ ಕೆಲಸ ಮೆಚ್ಚಬೇಕು. ಹಮ್ಮಿಂಗ್‌ಬರ್ಡ್‌ನ ಕೊರಳಿನ ಮಿಂಚು ಬಣ್ಣದಿಂದ ಬಂದದ್ದಲ್ಲ. ಗರಿಯೊಳಗಿನ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಬರುವಂಥದ್ದು. ಯಾವ ಬಣ್ಣದ ಡಬ್ಬಿಯಲ್ಲೂ ಅದು ಸಿಗುವುದಿಲ್ಲ. ಅದಕ್ಕೆ ಅವರು ಕಾಗದದ ಮೇಲೆ ಚಿನ್ನದ ರೇಕು ಅಂಟಿಸಿ, ಅದರ ಮೇಲೆ ಪಾರದರ್ಶಕ ಬಣ್ಣ, ವಾರ್ನಿಷ್ ಹಚ್ಚಿದರು. ಪುಟವನ್ನು ಓರೆ ಮಾಡಿದರೆ ಈಗಲೂ ಮಿಂಚುತ್ತದೆ. ಚಿಟ್ಟೆಯ ವಿಷಯದಲ್ಲಿ ಇನ್ನೂ ಮುಂದೆ ಹೋದವನು ಡೆಂಟನ್ ಎಂಬ ಅಮೆರಿಕನ್. 1900ರಲ್ಲಿ ಅವನು ತಂದ ಪುಸ್ತಕದಲ್ಲಿ ಚಿಟ್ಟೆಯ ಮೈ ಮಾತ್ರ ಅಚ್ಚಾದದ್ದು. ರೆಕ್ಕೆಯ ಜಾಗದಲ್ಲಿ ನಿಜವಾದ ರೆಕ್ಕೆಯ ಹುಡಿಯನ್ನೇ ಕಾಗದಕ್ಕೆ ಅಂಟಿಸಿದ. ಇದಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಸಲ ರೆಕ್ಕೆ ಒತ್ತಬೇಕಾಯಿತು. ಅದನ್ನು ಚಿತ್ರ ಅನ್ನಬೇಕೋ, ಚಿಟ್ಟೆ ಅನ್ನಬೇಕೋ, ನೀವೇ ಹೇಳಿ.

ಬಣ್ಣದ ಬಗ್ಗೆ ಇನ್ನೊಂದು ಎಚ್ಚರಿಕೆ. ಈ ಪುಸ್ತಕಗಳಲ್ಲಿ ಬಹಳಷ್ಟು ಕಪ್ಪು ಗೆರೆಯಲ್ಲಿ ಅಚ್ಚಾಗಿ, ಆಮೇಲೆ ಒಂದೊಂದೇ ಪ್ರತಿಗೆ ಕೈಯಿಂದ ಬಣ್ಣ ತುಂಬಿದಂಥವು. ಒಂದು ಮಾದರಿ ಹಾಳೆ ಇಟ್ಟುಕೊಂಡು ಹತ್ತಾರು ಜನ ಸಾಲಾಗಿ ಕೂತು ಬಣ್ಣ ಹಾಕುತ್ತಿದ್ದರು, ಅವರಲ್ಲಿ ಹೆಂಗಸರು ಬಹಳ. ಹಾಗಾಗಿ ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಒಂದೇ ಹಕ್ಕಿ ಬೇರೆ ಬೇರೆ ಹಸಿರು ಇರಬಹುದು. ಬಿಳಿಯದ್ದಂತೂ ಬೇರೆಯೇ ಪಾಡು. ಸೀಸದ ಬಿಳಿ ಬಳಸಿದ ಕಡೆ ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಅದು ಸೀಸದ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಹಳೆಯ ಹಾಳೆಯಲ್ಲಿ ಎದೆಯ ಮೇಲೆ ಮಸಿ ಬಳಿದಂತಿರುವ ಹಕ್ಕಿ ಕಂಡರೆ ಹೊಸ ಜಾತಿ ಎಂದು ಕುಣಿಯಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಸಂರಕ್ಷಕರು ಅದನ್ನು ಮತ್ತೆ ಬಿಳಿ ಮಾಡುತ್ತಾರೆ.

ಕೆಲವೊಮ್ಮೆ ಬಣ್ಣ ಹಾಕಿದ್ದು ಕಾಗದಕ್ಕಲ್ಲ, ಹುಳುವಿಗೇ! ಲಂಡನ್ನಿನ ಸಂಗ್ರಹಕಾರ ಪೆಟಿವರ್‌ಗೆ 1702ರಲ್ಲಿ ಒಂದು ಹಳದಿ ಚಿಟ್ಟೆ ಸಿಕ್ಕಿತ್ತು, ರೆಕ್ಕೆಯ ಮೇಲೆ ಕಪ್ಪು ಮಚ್ಚೆ, ನೀಲಿ ಗುರುತು. ಅಂಥದ್ದನ್ನು ಬೇರೆ ಯಾರೂ ಕಂಡಿರಲಿಲ್ಲ. ಪೆಟಿವರ್ ಅದರ ಚಿತ್ರ ಅಚ್ಚು ಹಾಕಿಸಿದ. 1763ರಲ್ಲಿ ಲಿನೇಯಸ್ ಅದಕ್ಕೆ ಹೆಸರನ್ನೂ ಕೊಟ್ಟ. 1793ರಲ್ಲಿ ಅವನ ಶಿಷ್ಯ ಫ್ಯಾಬ್ರಿಸಿಯಸ್ ಹತ್ತಿರದಿಂದ ನೋಡಿದರೆ ಅದು ಮಾಮೂಲಿ ಬ್ರಿಮ್‌ಸ್ಟೋನ್ ಚಿಟ್ಟೆ, ಮಚ್ಚೆಗಳನ್ನು ಯಾರೋ ಕುಂಚದಿಂದ ಬರೆದಿದ್ದರು.

ಇದಕ್ಕೆ ಪೂರ್ತಿ ವಿರುದ್ಧವಾದ ಸಂಗತಿಯೂ ಇದೆ. ನಂಬಲು ಚಿತ್ರ ಬಿಟ್ಟರೆ ಬೇರೆ ಏನೂ ಉಳಿಯದಿರುವುದು. 1774ರ ಜೂನ್‌ನಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಶಾಂತಸಾಗರದ ರಾಯಟೆಯಾ ದ್ವೀಪದಲ್ಲಿತ್ತು. ಹಡಗಿನಲ್ಲಿದ್ದ ಗಿಯೋರ್ಗ್ ಫಾರ್ಸ್ಟರ್‌ಗೆ ಆಗ ಹತ್ತೊಂಬತ್ತು ವರ್ಷ. ಅಲ್ಲಿ ಸಿಕ್ಕ ಕಂದು ಹಕ್ಕಿಯೊಂದರ ಚಿತ್ರ ಬರೆದ. ತೊಗಲು ಲಂಡನ್ನಿಗೆ ಬಂದು ಆಮೇಲೆ ಕಾಣೆಯಾಯಿತು. ತೊಗಲುಗಳನ್ನು ಹುಳು ತಿನ್ನುವುದು ಆಗ ಮಾಮೂಲು. ಆ ಹಕ್ಕಿಯನ್ನು ಮತ್ತೆ ಯಾರೂ ನೋಡಲಿಲ್ಲ. ಉಳಿದಿರುವುದು ಆ ಒಂದು ಹಾಳೆ ಮತ್ತು ಅಂದಿನ ವಿವರಣೆ. ಅದು ಮೈನಾ ಗುಂಪಿನದೋ, ತ್ರಷ್ ಗುಂಪಿನದೋ ಎಂದು ಈಗಲೂ ವಾದ ಮಾಡುತ್ತಾರೆ. ಡಿಎನ್‌ಎ ಪರೀಕ್ಷೆ ಮಾಡೋಣ ಎಂದರೆ ಕಾಗದದ ಮೇಲಿನ ಬಣ್ಣದಲ್ಲಿ ಡಿಎನ್‌ಎ ಎಲ್ಲಿಂದ ಬರಬೇಕು?

ಫೋಟೋ ಬಂದ ಮೇಲೆ ಇದೆಲ್ಲ ಮುಗಿಯಿತು ಎಂದು ನೀವು ಕೇಳಬಹುದು. ಮುಗಿದಿಲ್ಲ. ಹಕ್ಕಿ ನೋಡಲು ಹೋಗುವವರ ಕೈಪಿಡಿಗಳಲ್ಲಿ ಬರೆದ ಚಿತ್ರಗಳೇ ಈಗಲೂ ಹೆಚ್ಚು. 1934ರಲ್ಲಿ ರೋಜರ್ ಟೋರಿ ಪೀಟರ್ಸನ್ ಹಕ್ಕಿಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸಿ, ಗುರುತು ಹಿಡಿಯುವ ಜಾಗಕ್ಕೆ ಸಣ್ಣ ಬಾಣದ ಗೆರೆ ಎಳೆದು ತೋರಿಸಿದ. ಫೋಟೋದಲ್ಲಿ ಬರುವುದು ಒಂದು ಹಕ್ಕಿ, ಆ ಹೊತ್ತಿನ ಬೆಳಕು, ಮೈಮೇಲೆ ಬಿದ್ದ ಎಲೆಯ ನೆರಳು. ಕೈಪಿಡಿಗೆ ಬೇಕಾದದ್ದು ಆ ಜಾತಿಯ ಹಕ್ಕಿ ಸಾಮಾನ್ಯವಾಗಿ ಹೇಗಿರುತ್ತದೆ ಎಂಬುದು. ಕೀಟಶಾಸ್ತ್ರದವರಂತೂ ಸೂಕ್ಷ್ಮದರ್ಶಕಕ್ಕೆ ಚಿತ್ರ ಬರೆಯುವ ಕೊಳವೆ ಜೋಡಿಸಿಕೊಂಡು ಇವತ್ತಿಗೂ ಪೆನ್ನಿನಲ್ಲೇ ಗೆರೆ ಎಳೆಯುತ್ತಾರೆ. ಎಷ್ಟೋ ಪತಂಗ, ದುಂಬಿಗಳು ಹೊರಗೆ ಒಂದೇ ಥರ ಇರುತ್ತವೆ. ಒಳಗಿನ ಜನನಾಂಗದ ಆಕಾರ ನೋಡಿದರೆ ಮಾತ್ರ ಬೇರೆ ಎಂದು ಗೊತ್ತಾಗುತ್ತದೆ. ಒಂದು ಮಿಲಿಮೀಟರ್ ಕೂಡ ಇಲ್ಲದ ಆ ಭಾಗದ ಮುಳ್ಳು, ಮಡಿಕೆಗಳನ್ನು ಗೆರೆ ತೋರಿಸಿದಷ್ಟು ಸ್ಪಷ್ಟವಾಗಿ ಫೋಟೋ ಎಷ್ಟೋ ಸಲ ತೋರಿಸುವುದಿಲ್ಲ. ಆ ಚಿತ್ರದ ಪಕ್ಕದಲ್ಲಿ ಅಳತೆಯ ಪಟ್ಟಿ ಇರುತ್ತದೆ. ಯಾವ ಮ್ಯೂಸಿಯಂನ ಯಾವ ಮಾದರಿಯನ್ನು ನೋಡಿ ಬರೆದದ್ದು ಎಂಬುದನ್ನೂ ಅದರ ಜೊತೆ ದಾಖಲಿಸುತ್ತಾರೆ.